ಒಬ್ಬರಿಗೆ ಸಾಕಾಗುವ ಫ್ರಿಜ್ಜು

ಹಲಸೂರು
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ತೇಜಾಳಿಗೆ,

ನಿನ್ನ ಅತ್ತೆ ಮಾಡುವ ಆಶೀರ್ವಾದಗಳು. ಮೊದಲು ಅಭ್ಯಾಸಬಲದಿಂದ ‘ಚಿ. ಸೌ. ತೇಜಶ್ರೀಗೆ’ ಅಂತಲೇ ಬರೆದಿದ್ದೆ. ಆ ‘ಸೌ’ ನೋಡಿದರೆ ನಿನಗೆ ಬೇಜಾರಾಗುತ್ತದೋ, ಇಲ್ಲದಿದ್ದರೆ ಇನ್ನೂ ಹೆಚ್ಚು ಬೇಜಾರಾಗುತ್ತದೋ ತಿಳಿಯದೆ ಆ ಹಾಳೆಯನ್ನು ಪಕ್ಕಕ್ಕಿಟ್ಟು ಹೀಗೆ ಶುರುಮಾಡಿದೆ. ಆ ಹಾಳೆ ಈಗ ನಿಮ್ಮ ಮಾವನ ಪದಬಂಧದ ಕೆಳಗೆ ಒತ್ತಾಗಿದೆ. ಬೆಳಿಗ್ಗೆ ವಂದನೆ ಮುಗಿಸಿ, ಬುದ್ಧನ ಮುಂದೆ ಮೇಣದಬತ್ತಿ ಹಚ್ಚಿ, ಕಾಫಿ ಕುಡಿದು ಕೂತವರು ಇನ್ನೂ ಎದ್ದಿಲ್ಲ. ನಿನಗೆ ಜೈಭೀಮ್ ತಿಳಿಸು ಅಂದರು.

ಈ ವಾಟ್ಸಾಪ್ ಕಾಲದಲ್ಲಿ ಕಾಗದ ಯಾಕೆ ಅಂತ ನೀನು ನಗಬಹುದು. ಫೋನಿನಲ್ಲಿ ನಾವಿಬ್ಬರೂ ಮಾತಾಡುವ ಚಂದ ನಿನಗೇ ಗೊತ್ತು. ಊಟ ಆಯಿತಾ ಅಂತ ನಾನು, ಮಾವನ ಶುಗರ್ ಎಷ್ಟಿದೆ ಅಂತ ನೀನು. ಅದಾದ ಮೇಲೆ ಇನ್ನೇನೋ ಹೇಳಬೇಕು ಅನ್ನುವಷ್ಟರಲ್ಲಿ ನಿಮ್ಮ ಲ್ಯಾಬಿನಲ್ಲಿ ಯಾರೋ ನಿನ್ನನ್ನು ಕರೆಯುತ್ತಾರೆ. ಮೆಸೇಜ್ ಮಾಡೋಣ ಅಂದರೆ ನಾನು ಬರೆಯುವ ಕನ್ನಡಕ್ಕಿಂತ ತಾನು ಊಹಿಸುವ ಕನ್ನಡವೇ ಈ ಫೋನಿಗೆ ಹೆಚ್ಚು ಇಷ್ಟ. ಅದಕ್ಕೇ ಕಾಗದ. ನನ್ನ ಗೆಳತಿ ಬಿಲ್ಕೀಸಳ ತಮ್ಮ ಸಕ್ಲೇನ್ ನಾಳೆ ನಿಮ್ಮ ಕೆ.ಆರ್. ಪುರದ ಕಡೆ ಗೂಡ್ಸ್ ಆಟೋ ತರುತ್ತಾನಂತೆ. ಅವನ ಕೈಲಿ ಒಂದು ಸಾಮಾನು ಕಳಿಸುತ್ತಿದ್ದೇನೆ, ಅದರ ಜೊತೆ ಇದೂ ಬರುತ್ತದೆ.

ನೀನು ಸೋಮವಾರ ಕಳಿಸಿದ ಫೋಟೋಗಳನ್ನು ನೋಡಿದೆ. ಎರಡು ಬಾಗಿಲಿನ ಫ್ರಿಜ್ಜು, ಏಳು ಜಾರಿನ ಮಿಕ್ಸಿ, ನಾಲ್ಕು ಬರ್ನರಿನ ಸ್ಟೌವು. ಕೆಳಗೆ, ‘ಯಾವ ಕಂಪನಿ ತಗೊಳ್ಳಲಿ ಅತ್ತೆ, ನೀವು ಹೇಳಿದ್ದೇ ಫೈನಲ್’ ಅಂತ. ಹೊಸಕೋಟೆಯಲ್ಲಿ ನಿನ್ನ ಹೆತ್ತ ತಾಯಿ ಇದ್ದಾರೆ, ಲ್ಯಾಬಿನಲ್ಲಿ ಓದಿದ ಸ್ನೇಹಿತೆಯರಿದ್ದಾರೆ, ಕೈಯಲ್ಲಿ ಎಲ್ಲವನ್ನೂ ಬಲ್ಲ ಫೋನಿದೆ. ಆದರೂ ನನ್ನನ್ನು ಕೇಳಿದೆ. ಆ ಖುಷಿಗೆ ಅವತ್ತು ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನಿಮ್ಮ ಮಾವ ಉಂಡು ನೀರು ಕುಡಿದು, ಗಂಡನ ಮನೆ ಬಿಟ್ಟು ಹೋದ ಸೊಸೆ ಅತ್ತೆ ಹತ್ರಾನೇ ಮಿಕ್ಸಿ ಕಂಪನಿ ಕೇಳೋದು, ಅತ್ತೆ ಕನ್ನಡಕ ಹಾಕ್ಕೊಂಡು ಹೇಳೋದು, ಇದೆಲ್ಲ ನಮ್ಮನೇಲಿ ಮಾತ್ರ ನಡಿಯುತ್ತೆ ಕಣೇ ಅಂದರು.

ಆದರೆ ತೇಜಾ, ಆ ಫೋಟೋಗಳಲ್ಲಿ ಇರುವುದು ಒಬ್ಬಳೇ ಇರುವ ಹೆಣ್ಣುಮಗಳು ಆರಿಸುವ ಸಾಮಾನುಗಳಲ್ಲ. ನೋಡಿದ ಕೂಡಲೇ ನನಗೆ ತಿಳಿಯಿತು. ಸುಗತ ನಮ್ಮ ಮನೆ ಬಿಟ್ಟು, ಆ ಮೋನಿಷಾಳ ಜೊತೆ ಇರುತ್ತೇನೆ ಅಂತ ಇಂದಿರಾನಗರಕ್ಕೆ ಹೋಗಿ ವರ್ಷದ ಮೇಲಾಯಿತು. ನೀನು ತವರಿಗೂ ಹೋಗದೆ ನಮ್ಮ ಜೊತೆಯಲ್ಲೇ ಇದ್ದು ಅವನಿಗಾಗಿ ಕಾದೆ. ಈಗ ಬೇರೆ ಮನೆ ಮಾಡಿದರೂ ಅಲ್ಲೂ ಕಾಯುವುದಕ್ಕೇ ತಯಾರಿ ನಡೆಸಿದ್ದೀಯ. ‘ಸ್ವಲ್ಪ ಟೈಮ್ ಕೊಡು’ ಅಂತ ಅವನು ಆಗಾಗ ಮೆಸೇಜ್ ಹಾಕುತ್ತಾನೆ ಅನ್ನುವುದೂ ನನಗೆ ಗೊತ್ತು. ಅದರ ವಿಷಯ ಮಾತಾಡದೆ ಈ ಕಾಗದ ಮುಗಿಸುವುದಿಲ್ಲ. ಮೊದಲು ಮಿಕ್ಸಿ. ಕಷ್ಟದ ಗಿರಾಕಿಯ ಹತ್ತಿರ ನಾನು ಯಾವಾಗಲೂ ಮಿಕ್ಸಿಯಿಂದಲೇ ಶುರುಮಾಡುತ್ತಿದ್ದೆ.

ಏಳು ಜಾರು ಯಾರಿಗೆ ಬೇಕು? ಒಂದರಲ್ಲಿ ಚಟ್ನಿ, ಒಂದರಲ್ಲಿ ಹಿಟ್ಟು, ಒಂದರಲ್ಲಿ ಪುಡಿ. ಮಿಕ್ಕ ನಾಲ್ಕು ಅಟ್ಟ ಸೇರುತ್ತವೆ. ಒಂದು ಮನೆಯಲ್ಲಿ ಅದರಲ್ಲಿ ಕೂದಲ ಪಿನ್ನು ಹಾಕಿಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ. ಮೂರು ಜಾರಿನ ‘ಸುಧಾರಾ’ ತಗೋ. ಅವರು ಟಿವಿಯಲ್ಲಿ ಬರುವುದಿಲ್ಲ, ನಟಿಯರನ್ನು ಕುಣಿಸುವುದಿಲ್ಲ, ಡಬ್ಬದ ಬಣ್ಣ ನೋಡಿದರೆ ಔಷಧಿ ಅಂಗಡಿಯ ನೆನಪಾಗುತ್ತದೆ. ಆದರೆ ಜಾರಿನ ತಳದಲ್ಲಿ ತಿರುಗುವ ಆ ಕರಿ ಕಪ್ಲರ್ ಇದೆಯಲ್ಲ, ಅದು ಸವೆದುಹೋದರೆ ಅವರದ್ದು ಯಾವ ಬೀದಿಯಲ್ಲಾದರೂ ಸಿಗುತ್ತದೆ. ಇಪ್ಪತ್ತು ವರ್ಷದ ಹಿಂದಿನ ಜಾರು ಇವತ್ತಿನ ಮಿಕ್ಸಿಗೂ ಕೂರುತ್ತದೆ. ಕಂಪನಿ ಒಳ್ಳೆಯದೋ ಅಲ್ಲವೋ ತಿಳಿಯಲು ಅಂಗಡಿಯವನಿಗೆ ಮಿಕ್ಸಿಯ ವಿಷಯ ಕೇಳಬೇಡ, ಇದರ ಕಪ್ಲರ್ ಎಲ್ಲಿ ಸಿಗುತ್ತೆ ಅಂತ ಕೇಳು. ತಡವರಿಸಿದರೆ ಅಲ್ಲಿಂದ ಎದ್ದು ಬಾ. ಹೊಸದರಲ್ಲಿ ಎಲ್ಲ ಕಂಪನಿಯ ಮಿಕ್ಸಿಯೂ ಚೆನ್ನಾಗಿಯೇ ರುಬ್ಬುತ್ತದೆ.

ನಾನು ಶಿವಾಜಿನಗರದ ಆ ಅಂಗಡಿಯಲ್ಲಿ ಡೆಮೊ ಕೆಲಸಕ್ಕೆ ಸೇರಿದಾಗ ಸುಗತ ಅಂಗನವಾಡಿಗೆ ಹೋಗುತ್ತಿದ್ದ. ಗಿರಾಕಿ ಸಾಮಾನು ಕೊಂಡ ಮೇಲೆ ಅವರ ಮನೆಗೆ ಹೋಗಿ, ಡಬ್ಬ ಬಿಚ್ಚಿ, ಮೊದಲ ಸಲ ನಡೆಸಿ ತೋರಿಸುವುದು ನನ್ನ ಕೆಲಸ. ಬಿಲ್ಕೀಸ್ ಅದೇ ಅಂಗಡಿಯಲ್ಲಿ ಬಿಲ್ ಹಾಕುತ್ತಿದ್ದಳು. ರಸೆಲ್ ಮಾರ್ಕೆಟ್ಟಿನ ಹಿಂದಿನ ಮನೆಗಳಲ್ಲಿ ನನ್ನಿಂದ ಶುಂಠಿ ಬೆಳ್ಳುಳ್ಳಿ ರುಬ್ಬಿಸಿದರು, ಹಲಸೂರಿನ ತಮಿಳರ ಮನೆಗಳಲ್ಲಿ ಕಾಯಿಚಟ್ನಿ, ಕುಕ್ ಟೌನಿನಲ್ಲಿ ವಿನೆಗರ್ ಹಾಕಿದ ಮಸಾಲೆ. ನನ್ನ ಸೀರೆಯ ಸೆರಗು ಮೂಸಿ ನೋಡಿ ಇವತ್ತು ಯಾವ ಏರಿಯಾಗೆ ಹೋಗಿದ್ದೆ ಅಂತ ನಿಮ್ಮ ಮಾವ ಹೇಳಿಬಿಡುತ್ತಿದ್ದರು.

ಆ ಕೆಲಸದಲ್ಲಿ ನಾನು ಒಂದು ವಿಷಯ ಚೆನ್ನಾಗಿ ಕಲಿತೆ. ನಮ್ಮ ಜನ ಸಾಮಾನು ಕೊಳ್ಳುವುದು ಮನೆಯಲ್ಲಿ ಇರುವವರಿಗಲ್ಲ, ಬರಬಹುದಾದವರಿಗೆ. ಹಬ್ಬಕ್ಕೆ ನೆಂಟರು ಬಂದರೆ ಅಂತ ದೊಡ್ಡ ಕುಕ್ಕರು, ಮಗಳು ಬಾಣಂತನಕ್ಕೆ ಬಂದರೆ ಅಂತ ದೊಡ್ಡ ಗೀಸರು. ವರ್ಷವೆಲ್ಲ ಗಂಡ ಹೆಂಡತಿ ಇಬ್ಬರೇ ಆ ದೊಡ್ಡ ಕುಕ್ಕರಿನ ತಳದಲ್ಲಿ ಒಂದು ಪಾವು ಅನ್ನ ಹುಡುಕಿಕೊಂಡು ತಿನ್ನುವುದು. ಹೀಗೆ ಮಾಡದ ಒಬ್ಬರನ್ನು ಮಾತ್ರ ನಾನು ನೋಡಿದ್ದೇನೆ. ಕುಕ್ ಟೌನಿನ ಮಾರಿಯಾ ಮೇಡಂ. ಶಾಲೆಯಲ್ಲಿ ಪಿಯಾನೊ ಕಲಿಸುತ್ತಿದ್ದವರು, ಗಂಡ ತೀರಿಕೊಂಡು ಸ್ವಲ್ಪ ದಿನವಾಗಿತ್ತು. ಹಳೆಯ ದೊಡ್ಡ ಫ್ರಿಜ್ಜು ಕೊಟ್ಟು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಚಿಕ್ಕದು ಕೇಳಿದರು. ಕ್ರಿಸ್‌ಮಸ್‌ಗೆ ಜನ ಬರ್ತಾರಲ್ಲ ಮೇಡಂ ಅಂತ ನಾನು ನನ್ನ ಕಮಿಷನ್ನಿನ ಆಸೆಗೆ ಅಂದೆ. ನೋ ಶಾಂತಾ, ಬಂದ್ರೆ ಅವತ್ತು ತಂದು ಅವತ್ತೇ ಮಾಡ್ತೀನಿ, ಬರದೆ ಇರೋರಿಗೆ ನಾನ್ಯಾಕೆ ಐಸ್ ಮಾಡಿ ಇಡ್ಲಿ ಅಂದರು. ಜಿಪುಣಿ ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಆ ಚಿಕ್ಕ ಫ್ರಿಜ್ಜಿನ ಡೆಮೊಗೆ ಹೋದಾಗ ಒಳಗೆ ಹಾಲು, ಬೆಣ್ಣೆ, ಒಂದು ಮೀನು, ನಾಲ್ಕು ಟೊಮೇಟೊ ಅಂದವಾಗಿ ಜೋಡಿಸಿಟ್ಟು ನನ್ನನ್ನು ಕರೆದು ತೋರಿಸಿದರು. ಕೇಕು ಕೊಟ್ಟರು. ಸುಖವಾಗಿದ್ದರು ಕಣೇ ಆ ಹೆಂಗಸು.

ಇನ್ನು ನಮ್ಮ ಮನೆಯ ಫ್ರಿಜ್ಜು. ನಿಮ್ಮ ಮದುವೆ ಗೊತ್ತಾದ ವಾರವೇ ಡಬಲ್ ಡೋರ್ ತಂದೆನಲ್ಲ, ಆಗ ನನ್ನ ಲೆಕ್ಕದಲ್ಲಿ ನಾವು ನಾಲ್ಕು ಜನ, ಮುಂದೆ ಆರು. ನೀನಿದ್ದಾಗ ಅದರಲ್ಲಿ ಜಾಗ ಸಾಲದೆ ನಾವಿಬ್ಬರೂ ಜಗಳ ಆಡಿದ್ದೂ ಇದೆ. ನಿನ್ನ ಹೂವಿನ ಡಬ್ಬಿ ನನ್ನ ಸೊಪ್ಪಿನ ಮೇಲೆ, ನನ್ನ ಹಿಟ್ಟಿನ ಪಾತ್ರೆ ನಿನ್ನ ಚಾಕೊಲೇಟಿನ ಮೇಲೆ. ಈಗ ತೆಗೆದರೆ ನಡುವಿನ ಎರಡು ಶೆಲ್ಫು ಖಾಲಿ. ಹಾಗೆ ಖಾಲಿ ನೋಡಲಾರದೆ ಬಾಟಲಿಗಳಲ್ಲಿ ನೀರು ತುಂಬಿ ಸಾಲಾಗಿ ಇಡುತ್ತೇನೆ. ಈ ಚಳಿಯಲ್ಲಿ ಇಷ್ಟು ನೀರು ಯಾರು ಕುಡೀತಾರೆ ಅಂತ ನಿಮ್ಮ ಮಾವ ಕೇಳುತ್ತಾರೆ. ಕರೆಂಟ್ ಹೋದ್ರೆ ತಂಪು ಉಳಿಯುತ್ತೆ ಅಂತ ಏನೋ ಒಂದು ಹೇಳುತ್ತೇನೆ. ಅವರಿಗೆ ಗೊತ್ತು, ಅದಕ್ಕೇ ಎರಡನೇ ಸಲ ಕೇಳುವುದಿಲ್ಲ.

ಗುರುವಾರ ನಿನ್ನ ಫೋಟೋದಲ್ಲಿದ್ದ ಫ್ರಿಜ್ಜನ್ನು ಕಣ್ಣಿಂದ ನೋಡಿಬಿಡೋಣ ಅಂತ ಬಿಲ್ಕೀಸಳನ್ನು ಕರೆದುಕೊಂಡು ಇಂದಿರಾನಗರಕ್ಕೆ ಹೋಗಿದ್ದೆ. ನೂರಡಿ ರಸ್ತೆಯ ದೊಡ್ಡ ಶೋರೂಮು. ಒಳಗೆ ಹೋದರೆ ಹಲ್ಲು ಕಟಕಟ ಅನ್ನುವಷ್ಟು ಎಸಿ. ನಮ್ಮಿಬ್ಬರ ಚಪ್ಪಲಿ ನೋಡಿ ಸೇಲ್ಸ್ ಹುಡುಗಿ ಮೊದಲು ಇಸ್ತ್ರಿಪೆಟ್ಟಿಗೆ ತೋರಿಸಿದಳು. ಬಿಲ್ಕೀಸ್ ನಕ್ಕು, ಅಮ್ಮಾ, ನೀನು ಹುಟ್ಟೋಕೆ ಮುಂಚೆ ನಾವು ಇದೇ ಕೆಲಸ ಮಾಡ್ತಿದ್ವಿ, ಫ್ರಿಜ್ ತೋರಿಸು ಬಾ ಅಂದಳು. ಆಮೇಲೆ ಆ ಹುಡುಗಿ ಮರ್ಯಾದೆಯಿಂದಲೇ ನೋಡಿಕೊಂಡಳು ಅನ್ನು. ನೀನು ಹೇಳಿದ ಮಾಡೆಲ್ ಮುಂದೆ ನಿಲ್ಲಿಸಿ, ಮನೇಲಿ ಎಷ್ಟು ಜನ ಇದೀರ ಮೇಡಂ ಅಂತ ಕೇಳಿದಳು.

ಅದು ನಮ್ಮ ಕಸುಬಿನ ಮೊದಲ ಪ್ರಶ್ನೆ. ನಾನೇ ಎಷ್ಟು ಸಾವಿರ ಜನರನ್ನು ಕೇಳಿದ್ದೇನೋ. ಅವತ್ತು ಅದನ್ನು ನನ್ನನ್ನೇ ಕೇಳಿದಳು ತೇಜಾ. ಇಬ್ಬರು ಅನ್ನಬೇಕು ಅಂತ ನಾಲಿಗೆ ತುದಿಯಲ್ಲಿತ್ತು. ಅಷ್ಟರಲ್ಲಿ ಬಿಲ್ಕೀಸ್, ಒಬ್ರು ಅಷ್ಟೇ, ಕೆಲ್ಸಕ್ಕೆ ಹೋಗೋ ಹೆಣ್ಣುಮಗಳು ಅಂದುಬಿಟ್ಟಳು. ಆ ಹುಡುಗಿ ತಲೆಯಾಡಿಸಿ ನಮ್ಮನ್ನು ಚಿಕ್ಕ ಫ್ರಿಜ್ಜುಗಳ ಸಾಲಿಗೆ ಕರೆದುಕೊಂಡು ಹೋದಳು. ನನಗೆ ಬಿಲ್ಕೀಸಳ ಮೇಲೆ ಮೈಯೆಲ್ಲ ಉರಿಯುವಷ್ಟು ಕೋಪ ಬಂತು. ಮೆಟ್ರೋ ಸ್ಟೇಷನ್ನಿನವರೆಗೂ ಅವಳಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದೆ. ಕೊನೆಗೆ ನಿನಗ್ಯಾಕೆ ಊರ ಉಸಾಬರಿ ಅಂತ ಕೇಳಿದೆ. ಅವಳು ಕೋಪ ಮಾಡಿಕೊಳ್ಳಲಿಲ್ಲ. ಶಾಂತಾ, ನೀನು ಇಬ್ರು ಅಂದಿದ್ರೆ ನಿನ್ನ ಸೊಸೆ ಇಬ್ರು ಅಂತಾನೇ ಬದುಕ್ತಾ ಇರ್ತಾಳೆ, ನಿನ್ನ ಮಾತು ಅಂದ್ರೆ ಅವಳಿಗೆ ಅಷ್ಟು ನಂಬಿಕೆ ಅಂದಳು. ಮನೆಗೆ ಬಂದು ಯೋಚನೆ ಮಾಡಿದೆ. ಬಿಲ್ಕೀಸಳ ಮಾತಿನಿಂದಲೇ ನನಗೆ ಬುದ್ಧಿ ಬಂತು ಅಂತ ಇಟ್ಟುಕೋ.

ಅದಕ್ಕೇ ಈಗ ನೇರವಾಗಿ ಬರೆಯುತ್ತೇನೆ. ಡಬಲ್ ಡೋರ್ ಬೇಡ. ‘ಹಿಮ್‌ರಾಜ್’ ಕಂಪನಿಯ ಸಿಂಗಲ್ ಡೋರ್ ತಗೋ, ನಿನ್ನ ಸೊಂಟದಿಂದ ಸ್ವಲ್ಪ ಮೇಲೆ ಬರುವಂಥದ್ದು. ಬಣ್ಣ ನಿನ್ನಿಷ್ಟ. ಸ್ಟಾರ್ ಹೆಚ್ಚಿರುವುದನ್ನು ನೋಡಿಕೋ, ಕರೆಂಟ್ ಬಿಲ್ಲು ಕಟ್ಟುವವಳು ನೀನೇ. ಅವರ ಸರ್ವಿಸ್ ಸೆಂಟರು ನಿಮ್ಮ ಕಡೆಯೇ ಇದೆ, ಫೋನ್ ಮಾಡಿ ವಿಚಾರಿಸಿದ್ದೇನೆ, ಎರಡನೇ ರಿಂಗಿಗೆ ಎತ್ತಿದರು, ಕನ್ನಡದಲ್ಲೇ ಮಾತಾಡಿದರು. ಸ್ಟೌವು ಎರಡು ಬರ್ನರಿನದ್ದು ಸಾಕು, ಮೇಲೆ ಗಾಜಿನದ್ದು ಬೇಡ, ಸ್ಟೀಲಿನದ್ದು ಇರಲಿ, ಬರ್ನರು ಮಾತ್ರ ಹಿತ್ತಾಳೆಯದ್ದೇ ಇರಬೇಕು. ನೀನು ಗೀಸರಿನ ಫೋಟೋ ಕಳಿಸಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಕಡೆ ಬೋರಿನ ನೀರು, ಟ್ಯಾಂಕರ್ ನೀರು, ಎರಡೂ ಗಡಸು. ಒಳಗಡೆ ಗಾಜಿನ ಲೇಪ ಇರುವ ಟ್ಯಾಂಕು ಅಂತಲೇ ಕೇಳಿ ತಗೋ, ಇಲ್ಲದಿದ್ದರೆ ಎರಡು ವರ್ಷಕ್ಕೆ ಸೋರುತ್ತದೆ. ವಾರಂಟಿ ಕಾರ್ಡಿಗೆ ಅಂಗಡಿಯ ಸೀಲು ಹಾಕಿಸಿಕೊಳ್ಳದೆ ಮೆಟ್ಟಿಲು ಇಳಿಯಬೇಡ. ಆಮೇಲೆ ಮನೆಗೇ ಕಳಿಸ್ತೀವಿ ಅನ್ನುತ್ತಾರೆ, ಕಳಿಸುವುದಿಲ್ಲ.

ಯಾವುದೇ ಸಾಮಾನನ್ನು ಸುಗತ ಬಂದರೆ ಬೇಕಾಗುತ್ತದೆ ಅಂತ ತಗೋಬೇಡ. ಇದನ್ನು ಅವನ ಹೆತ್ತ ತಾಯಿಯೇ ಬರೆಯುತ್ತಿದ್ದೇನೆ. ನಿನ್ನ ಮನೆಯಲ್ಲಿ ನೀನು ಒಬ್ಬಳು. ಅದೇನು ಸಣ್ಣ ಸಂಸಾರವಲ್ಲ. ನಿನಗೆ ಎಷ್ಟು ಹಸಿವೋ ಅಷ್ಟು ಬೇಯಿಸು, ನಿನಗೆ ಇಷ್ಟವಾದದ್ದು ಬೇಯಿಸು. ನಮ್ಮ ಮನೆಯಲ್ಲಿ ಅವನಿಗೆ ಆಗುವುದಿಲ್ಲ ಅಂತ ಹಾಗಲಕಾಯಿ ತರುವುದನ್ನೇ ನಿಲ್ಲಿಸಿದ್ದೆವು, ನಿನಗೆ ಅದು ಎಷ್ಟು ಪ್ರಾಣ ಅಂತ ಅವನು ಹೋದ ಮೇಲಲ್ಲವೇ ನನಗೆ ಗೊತ್ತಾದದ್ದು. ಬರ್ತಾನೆ, ಬರ್ತಾನೆ ಅಂತ ನಾನೂ ನಿನ್ನ ತಟ್ಟೆಗೆ ಬಡಿಸುತ್ತಾ ಹೇಳುತ್ತಿದ್ದೆ. ನಿನ್ನ ಮುಖ ಅರಳುವುದನ್ನು ನೋಡುವ ಆಸೆಗೆ ಹೇಳುತ್ತಿದ್ದೆ. ಇನ್ನು ಹೇಳುವುದಿಲ್ಲ.

ಸಕ್ಲೇನ್ ತರುವುದು ನಮ್ಮ ಗ್ರೈಂಡರು. ಟೇಬಲ್ ಮೇಲೆ ಇಡುವುದು, ಕೊಯಮತ್ತೂರಿನದ್ದು, ‘ಪೊನ್ನರಸಿ’ ಕಂಪನಿ. ಹಿಟ್ಟು ರುಬ್ಬಲು ಮಿಕ್ಸಿ ಸಾಕು ಅಂತ ನೀನು ಅನ್ನಬಹುದು, ಮಿಕ್ಸಿಯಲ್ಲಿ ರುಬ್ಬಿದರೆ ಹಿಟ್ಟು ಬಿಸಿಯಾಗುತ್ತದೆ, ಇಡ್ಲಿ ಗಟ್ಟಿಯಾಗುತ್ತದೆ. ಇಲ್ಲಿ ನಿಮ್ಮ ಮಾವನಿಗೆ ಡಾಕ್ಟರು ಇಡ್ಲಿ ದೋಸೆ ಕಡಿಮೆ ಮಾಡಿ ಅಂದಿದ್ದಾರೆ, ರಾಗಿ ಮುದ್ದೆಗೆ ಗ್ರೈಂಡರು ಬೇಡ. ಕಲ್ಲು ತೊಳೆದು, ಬಟ್ಟೆಯಲ್ಲಿ ಬೇರೆ ಬೇರೆ ಸುತ್ತಿ ಇಟ್ಟಿದ್ದೇನೆ. ಸಕ್ಲೇನ್ ಮೇಲಕ್ಕೆ ತಂದುಕೊಡುತ್ತಾನೆ, ನೀನು ಎತ್ತಲು ಹೋಗಬೇಡ. ಬೆಲ್ಟು ಹೋದ ತಿಂಗಳಷ್ಟೇ ಬದಲಾಯಿಸಿದ್ದು. ಇದು ನಿನ್ನ ಅಪ್ಪ ಅಮ್ಮ ಕೊಟ್ಟ ಸಾಮಾನೂ ಅಲ್ಲ, ಹಂಚಿಕೆಯ ಪಾಲೂ ಅಲ್ಲ. ನಾನು ನಿನಗೆ ಕೊಡುತ್ತಿದ್ದೇನೆ, ಅಷ್ಟೇ.

ಫ್ರಿಜ್ಜು ಮಿಕ್ಸಿ ಬಂದ ದಿನ ಡೆಮೊಗೆ ಅಂತ ಕಂಪನಿಯವರು ಫೋನ್ ಮಾಡುತ್ತಾರೆ. ಬೇಡ, ನಮ್ಮವರೇ ಇದ್ದಾರೆ ಅನ್ನು. ಹಲಸೂರಿನಲ್ಲಿ ಮೆಟ್ರೋ ಹತ್ತಿದರೆ ನಿನ್ನ ಮನೆ ದೂರವೇನಲ್ಲ. ನಾನೇ ಬಂದು ಡಬ್ಬ ಬಿಚ್ಚುತ್ತೇನೆ, ನಿನ್ನ ಓನರಮ್ಮನಿಗೂ ಹೇಳಿಡು, ಸದ್ದು ಬಂದರೆ ಗಾಬರಿಯಾಗಬಾರದು.

ಈಗ ಒಂದು ಮಾತು, ಇದಕ್ಕೆ ನೀನು ನಗಬೇಡ. ಸೋಮವಾರ ಆ ಫೋಟೋ ಬಂದಾಗ ಖುಷಿಯಾಯಿತು ಅಂದೆನಲ್ಲ, ರಾತ್ರಿಯ ಹೊತ್ತಿಗೆ ಹೆದರಿಕೆಯೂ ಆಯಿತು. ನನ್ನನ್ನು ಕೇಳಿ ಎಲ್ಲ ಒಳ್ಳೆಯ ಕಂಪನಿಯ ಸಾಮಾನು ತಗೊಂಡುಬಿಟ್ಟರೆ, ಒಂದೂ ಕೆಡದೆ ನಡೆದರೆ, ಆಮೇಲೆ ನೀನು ನನಗೆ ಯಾಕೆ ಫೋನ್ ಮಾಡುತ್ತೀಯ ಅಂತ. ಮಗನ ಮೂಲಕ ಬಂದ ಸಂಬಂಧ, ಅವನೇ ಕೈಬಿಟ್ಟ ಮೇಲೆ ನಿನ್ನ ಮೇಲೆ ನನಗೇನು ಹಕ್ಕು ಅಂತ ನಿನ್ನ ದೊಡ್ಡಮ್ಮ ಕೇಳಿದ್ದರಂತೆ. ಅವರು ಕೇಳಿದ್ದು ಸರಿಯಾಗಿಯೇ ಇದೆ. ಹಕ್ಕಿಲ್ಲ. ಆಸೆ ಇದೆ. ನನಗೆ ಹೆಣ್ಣುಮಕ್ಕಳಿಲ್ಲ, ಇದ್ದಿದ್ದರೂ ನಿನ್ನಷ್ಟು ನನ್ನ ತಲೆ ತಿನ್ನುತ್ತಿದ್ದರೋ ಇಲ್ಲವೋ. ನೀನು ಬಿಟ್ಟುಹೋದ ಮೇಲೆ ಮನೆಯಲ್ಲಿ ಜಗಳಕ್ಕೆ ಯಾರೂ ಇಲ್ಲ, ನಿಮ್ಮ ಮಾವನ ಜೊತೆ ಜಗಳ ಆಡಿದರೆ ಅವರು ಹಿಯರಿಂಗ್ ಮೆಷಿನ್ ತೆಗೆದು ಮೇಜಿನ ಮೇಲಿಡುತ್ತಾರೆ.

ಊಟ ಸರಿಯಾಗಿ ಮಾಡು. ಲ್ಯಾಬಿನಲ್ಲಿ ಬೆಳಿಗ್ಗೆ ಪಾಳಿ ಇದ್ದ ದಿನ ಬರೀ ಬಿಸ್ಕತ್ತು ತಿಂದು ಓಡಬೇಡ. ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಗಟ್ಟಿಯಿದೆಯಾ ನೋಡಿಕೋ, ಇಲ್ಲದಿದ್ದರೆ ಸಕ್ಲೇನ್‌ಗೆ ಹೇಳು, ಅವನ ಗಾಡಿಯಲ್ಲಿ ಸ್ಕ್ರೂಡ್ರೈವರು ಯಾವಾಗಲೂ ಇರುತ್ತದೆ.

ಇಂತಿ ನಿನ್ನ ಒಳ್ಳೆಯದನ್ನೇ ಬಯಸುವ,
ಅತ್ತೆ
ಶಾಂತಕುಮಾರಿ

ತಾ.ಕ.: ಕಾಗದ ಮಡಚಿ ಕವರಿಗೆ ಹಾಕಿದವಳು ಮತ್ತೆ ತೆಗೆದಿದ್ದೇನೆ. ಬಿಲ್ಕೀಸಳ ಮಾತಿನಿಂದ ನನಗೆ ಬುದ್ಧಿ ಬಂತು ಅಂತ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಗುರುವಾರ ರಾತ್ರಿಯೂ ನಾನು ನಿನಗೆ ಡಬಲ್ ಡೋರೇ ಹೇಳೋಣ ಅಂತಿದ್ದೆ. ನಿನ್ನೆ ಮಧ್ಯಾಹ್ನ ಸುಗತ ಮನೆಗೆ ಬಂದಿದ್ದ. ಊಟ ಮಾಡಿ, ಕೈ ಒರೆಸಿಕೊಂಡು, ಅವನೂ ಯಾವ ಕಂಪನಿ ಒಳ್ಳೇದಮ್ಮ ಅಂತಲೇ ಕೇಳಿದ. ಅವನಿಗೆ ಬೇಕಾಗಿದ್ದು ವಾಷಿಂಗ್ ಮೆಷಿನ್ನು. ಬಿಸಿನೀರಲ್ಲಿ ಒಗೆಯೋದು ಇರ್ಬೇಕು, ಚಿಕ್ಕ ಮಕ್ಕಳ ಬಟ್ಟೆಗೆ ಅಂತ ಬೇರೆ ಬಟನ್ ಇರುತ್ತಲ್ಲ, ಅದೂ ಇರ್ಬೇಕು ಅಂದ. ಇಷ್ಟು ವರ್ಷ ಈ ಕಸುಬು ಮಾಡಿದ್ದೇನೆ, ಆ ಬಟನ್ನನ್ನು ಸುಮ್ಮಸುಮ್ಮನೆ ಕೇಳಿದವರನ್ನು ನಾನು ನೋಡಿಲ್ಲ. ಅವನ ಮುಖ ನೋಡಿದೆ. ತಲೆ ತಗ್ಗಿಸಿ, ಮಾರ್ಚಿಗೆ ಅಂದ. ಮೋನಿಷಾ ಬಸುರಿ, ತೇಜಾ. ಇದನ್ನು ನಿನಗೆ ಬೇರೆ ಯಾರೋ ಫೋನಿನಲ್ಲಿ, ಅಯ್ಯೋ ಪಾಪ ಅನ್ನುವ ದನಿಯಲ್ಲಿ ಹೇಳುವ ಮೊದಲು ನಾನೇ ಹೇಳಬೇಕು ಅಂತ ಈ ಕಾಗದ ಶುರುಮಾಡಿದ್ದು. ಶುರುಮಾಡಿ ಇಷ್ಟು ಹೊತ್ತು ಮಿಕ್ಸಿ, ಸ್ಟೌವು ಅಂತ ಸುತ್ತುಬಳಸಿದೆ.

ಅವನಿಗೆ ಒಂದು ಕೆಟ್ಟ ಕಂಪನಿಯ ಹೆಸರು ಹೇಳಿಬಿಡೋಣ, ವಾರಕ್ಕೊಂದು ಸಲ ಕೆಟ್ಟು ನಿಲ್ಲಲಿ ಅನ್ನುವಷ್ಟು ಸಿಟ್ಟು ಬಂದಿತ್ತು. ಹೇಳಲಾಗಲಿಲ್ಲ, ಒಳ್ಳೆಯದನ್ನೇ ಹೇಳಿ ಕಳಿಸಿದೆ. ಹಸುಗೂಸಿನ ಬಟ್ಟೆಗೆ ಸುಳ್ಳು ಹೇಳುವುದು ಹೇಗೆ? ಇನ್ನೂ ಒಂದಿದೆ. ಆ ಮಗು ಹುಟ್ಟಿದ ಮೇಲೆ ನಾನು ನೋಡಲು ಹೋಗುತ್ತೇನೆ. ನೀನು ಬೇಡ ಅಂದರೂ ಹೋಗುತ್ತೇನೆ, ಎತ್ತಿಕೊಳ್ಳುತ್ತೇನೆ, ನನ್ನಿಂದ ತಡೆದುಕೊಳ್ಳಲು ಆಗುವುದಿಲ್ಲ. ನಿನಗೆ ಗೊತ್ತಾಗದ ಹಾಗೆ ಹೋಗುವುದು ಮಾತ್ರ ಬೇಡ ಅನ್ನಿಸಿತು. ನೋಡಿಕೊಂಡು ಹೊರಟವಳು ಮನೆಗೆ ಬರುವುದಿಲ್ಲ, ನೇರ ನಿನ್ನ ಹತ್ತಿರ ಬರುತ್ತೇನೆ. ಅವತ್ತು ನನ್ನ ಮುಖ ನೋಡಲು ನಿನಗೆ ಇಷ್ಟವಿಲ್ಲದಿದ್ದರೂ ಬಾಗಿಲು ತೆಗಿ.